ಕೊಯಮತ್ತೂರಿನ ತೆರೆಯ ಮೇಲೆ ನಮ್ಮ ಕನ್ನಡ

ಗಡಿಯಾಚೆಯ ಕನ್ನಡಿಗರು ಎಂಬ ಮಾತು ಬಂದಾಗ ಕಾಸರಗೋಡಿನವರಾದ ನಮಗೆ ಮೊದಲು ನೆನಪಾಗುವುದು ನಮ್ಮದೇ ಕಷ್ಟಸುಖ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿದ ಕತೆಯನ್ನು ಹೇಳುತ್ತ, ಕೇಳುತ್ತ ಮೂರು ತಲೆಮಾರು ಕಳೆಯಿತು. ಆದರೆ ಅದೇ ದಿನ, ಅದೇ ಮದರಾಸು ರಾಜ್ಯದ ಇನ್ನೊಂದು ಜಿಲ್ಲೆಯಲ್ಲಿಯೂ ಗೆರೆ ಎಳೆಯಲಾಯಿತೆಂಬುದು ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. ಅದು ಕೊಯಮತ್ತೂರು ಜಿಲ್ಲೆ. ಅದರ ಕೊಳ್ಳೇಗಾಲ ತಾಲೂಕು ಅಂದು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿಯ ಕನ್ನಡ ಹಳ್ಳಿಗಳು ಬರಲಿಲ್ಲ. ಕೊಯಮತ್ತೂರು ಪೇಟೆ, ಸಿರುಮುಗೈ, ಅವಿನಾಶಿ, ಪಲ್ಲಡಂ, ಉಡುಮಲೈಪೇಟೆ ಮುಂತಾದೆಡೆಗಳಲ್ಲಿ ತಲತಲಾಂತರದಿಂದ ನೆಲೆಸಿದ ಕನ್ನಡದ ಮನೆಗಳಿಗಂತೂ ಆಚೆಯೋ ಈಚೆಯೋ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಅವು ತಮಿಳಿನ ನಡುವೆ ಇದ್ದುವು, ಇದ್ದಲ್ಲಿಯೇ ಉಳಿದುವು.

ದೇವಾಂಗ ನೇಕಾರರು, ಒಕ್ಕಲಿಗ ಗೌಡರು, ಕುರುಬರು, ಅನುಪ್ಪರು, ಹೀಗೆ ಹಲವು ಸಮಾಜಗಳವರು ಅಲ್ಲಿ ಮನೆಯೊಳಗೆ ಕನ್ನಡ ಆಡುತ್ತಾರೆ. ಚೌಡೇಶ್ವರಿ ಅಮ್ಮನ ಹಬ್ಬದಲ್ಲಿ ಕತ್ತಿ ಸೇವೆ ನಡೆಯುವಾಗ ಕೊಯಮತ್ತೂರಿನ ಬೀದಿಯೇ ಕಿಕ್ಕಿರಿಯುತ್ತದೆ. ಆದರೆ ಹಬ್ಬ ಮುಗಿಸಿ ಮನೆಗೆ ಬಂದವರು ಲೆಕ್ಕ ಬರೆಯುವುದು ತಮಿಳಿನಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕಿಸುವುದು ತಮಿಳಿನಲ್ಲಿ, ಮಕ್ಕಳು ಓದುವುದು ತಮಿಳು ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ. ನಮ್ಮಲ್ಲಿ ಕುಂದುಕೊರತೆಗಳು ಎಷ್ಟೇ ಇರಲಿ, ಕನ್ನಡ ಶಾಲೆಯ ಕರಿಹಲಗೆ ಎಂಬುದೊಂದು ಉಂಟು. ಅಲ್ಲಿಯ ಹೆಚ್ಚಿನ ಮನೆಗಳಿಗೆ ಅದಿಲ್ಲ. ಕನ್ನಡವೆಂದರೆ ಅವರಿಗೆ ಕಿವಿಯ ಭಾಷೆ.

ಹಾಗಿರುವಾಗ ಮನೆಯ ಹೊರಗಿನ ಕನ್ನಡ ಆ ಕಿವಿಗೆ ಬಿದ್ದ ಬಗೆ ಯಾವುದು? ನಮ್ಮ ಸಹೋದ್ಯೋಗಿಯೊಬ್ಬರ ನಂಟರು ಕೊಯಮತ್ತೂರಿನಲ್ಲಿ ಮಗ್ಗದ ಕಸುಬಿನವರು. ರಜೆಯಲ್ಲಿ ರೈಲು ಹತ್ತಿ ಅಲ್ಲಿಗೆ ಹೋಗಿ ಬರುವ ರೂಢಿ ನಮಗೆ ಕೆಲವು ವರ್ಷಗಳಿಂದ ಉಂಟು. ಆ ಮನೆಯಲ್ಲಿ ಊಟವಾದ ಮೇಲೆ ನಡೆಯುವ ಹರಟೆಯಲ್ಲಿ ನಾವು ಕಂಡುಕೊಂಡದ್ದು ಇಷ್ಟು: ಅವರಿಗೆ ಹೊರಗಿನ ಕನ್ನಡ ಕಲಿಸಿದ್ದು ಪುಸ್ತಕವಲ್ಲ, ಸಿನೆಮಾ. ಅನಂತರ ಟೆಲಿವಿಷನ್. ಆದುದರಿಂದ ಹಳೆಯ ಚಿತ್ರಗಳ ಬಗ್ಗೆ, ಹಳೆಯ ದೂರದರ್ಶನ ಕಾರ್ಯಕ್ರಮಗಳ ಬಗ್ಗೆ ಒಬ್ಬ ನೋಡುಗನ ಅಭಿಪ್ರಾಯಗಳನ್ನು ಈ ದೃಷ್ಟಿಯಿಂದ ಬರೆಯಬೇಕೆಂದು ತೋರಿತು. ನಾವು ವಿಮರ್ಶಕರಲ್ಲ. ಟಿ.ಸಿ.ಎಚ್. ಮಾಡಿ ಪಾಠ ಹೇಳುವವರು. ಭಾಷೆ ಮಕ್ಕಳ ನಾಲಗೆಗೆ ಹೇಗೆ ಹತ್ತುತ್ತದೆ ಎಂಬುದೊಂದೇ ನಮ್ಮ ಅಳತೆಗೋಲು.

ಬೆಟ್ಟದ ಕಳ್ಳನ ಊರು

ಕೊಯಮತ್ತೂರೆಂದರೆ ಹತ್ತಿ ಮಿಲ್ಲು, ಪಂಪ್‌ಸೆಟ್ಟು ಎಂದು ತಿಳಿದವರೇ ಹೆಚ್ಚು. ಆದರೆ ದಕ್ಷಿಣ ಭಾರತದ ಸಿನೆಮಾ ಇತಿಹಾಸದಲ್ಲಿ ಮದರಾಸಿನ ಜೊತೆಗೆ ಹೇಳಬೇಕಾದ ಹೆಸರು ಅದು. ಸಾಮಿಕಣ್ಣು ವಿನ್ಸೆಂಟ್ ಎಂಬವರು ತಿರುಚಿರಾಪಳ್ಳಿಯಲ್ಲಿ ರೈಲ್ವೆಯ ನಕ್ಷೆಗಾರರಾಗಿದ್ದರು. 1905ರಲ್ಲಿ ಫ್ರಾನ್ಸ್ ದೇಶದವನೊಬ್ಬನಿಂದ ಚಿತ್ರ ತೋರಿಸುವ ಯಂತ್ರ ಮತ್ತು ಯೇಸುವಿನ ಜೀವನದ ಮೂಕಿ ಚಿತ್ರವನ್ನು ಕೊಂಡು, ನೌಕರಿ ಬಿಟ್ಟು, ಡೇರೆ ಹೊತ್ತುಕೊಂಡು ಊರೂರು ತಿರುಗಿದರು. ಕೊನೆಗೆ 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಕಾಯಂ ಚಿತ್ರಮಂದಿರ ಕಟ್ಟಿಸಿದರು. ಆ ರಸ್ತೆಗೆ ಇಂದಿಗೂ ವೆರೈಟಿ ಹಾಲ್ ರಸ್ತೆ ಎಂದೇ ಹೆಸರು. 1930ರ ದಶಕದ ನಡುವಿನಲ್ಲಿ ಸೆಂಟ್ರಲ್ ಸ್ಟುಡಿಯೊ ಬಂತು. ಎಂ.ಜಿ.ರಾಮಚಂದ್ರನ್ ಮೊದಲ ಬಾರಿಗೆ ನಾಯಕನಾಗಿ ನಿಂತ 1947ರ 'ರಾಜಕುಮಾರಿ' ಅಲ್ಲಿಯೇ ತಯಾರಾಯಿತು. ಆಮೇಲೆ ಎಸ್.ಎಂ.ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೊ ಹೆಸರು ಮಾಡಿತು.

ಈ ಪಕ್ಷಿರಾಜದ ಕತೆಯೇ ನಮಗೆ ಮುಖ್ಯ. 1954ರಲ್ಲಿ ನಾಯ್ಡು ಅವರು 'ಮಲೈಕ್ಕಳ್ಳನ್' ಎಂಬ ತಮಿಳು ಚಿತ್ರ ತೆಗೆದರು. ಕತೆ ನಾಮಕ್ಕಲ್ ರಾಮಲಿಂಗಂ ಪಿಳ್ಳೈ ಅವರದು, ಸಂಭಾಷಣೆ ಎಂ.ಕರುಣಾನಿಧಿಯವರದು, ಪಾತ್ರದಲ್ಲಿ ಎಂ.ಜಿ.ಆರ್. ಮತ್ತು ಭಾನುಮತಿ. ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆದ ಮೊದಲ ತಮಿಳು ಚಿತ್ರ ಅದು. ಅದೇ ಕತೆ ತೆಲುಗಿನಲ್ಲಿ 'ಅಗ್ಗಿ ರಾಮುಡು', ಹಿಂದಿಯಲ್ಲಿ ದಿಲೀಪ್ ಕುಮಾರ್ ಮತ್ತು ಮೀನಾ ಕುಮಾರಿಯವರ 'ಆಜಾದ್', ಮಲಯಾಳದಲ್ಲಿ ಸತ್ಯನ್ ಅವರ 'ತಸ್ಕರವೀರನ್', ಸಿಂಹಳದಲ್ಲಿ 'ಸೂರಸೇನ' ಆಯಿತು. 1957ರಲ್ಲಿ ಕನ್ನಡದಲ್ಲಿ 'ಬೆಟ್ಟದ ಕಳ್ಳ' ಎಂದಾಯಿತು. ಒಂದೇ ಕತೆಗೆ ಆರು ನಾಲಗೆ!

ಶ್ರೀಮಂತರ ಸೊತ್ತು ದೋಚಿ ಬಡವರಿಗೆ ಹಂಚುವ ಕಳ್ಳನ ಕತೆಯಲ್ಲಿ ಹೊಸತೇನಿದೆ ಎಂದು ಕೇಳಬಹುದು. ಕತೆಯ ಬಗ್ಗೆ ನಮಗೂ ಅಂಥ ಮೋಹವಿಲ್ಲ. ಎಂ.ಜಿ.ಆರ್. ಅವರ ಓಟ ಜಿಗಿತ ನೋಡಲು ಚೆಂದ. ಅದರಿಂದಾಚೆ ಪಾತ್ರಗಳಲ್ಲಿ ಆಳವಿಲ್ಲ ಎಂಬುದು ನಮ್ಮ ಅನಿಸಿಕೆ. ನಮಗೆ ಮೆಚ್ಚಾದದ್ದು ಬೇರೊಂದು ವಿಷಯ. ತಮಿಳು ನಾಡಿನ ನಡುವಿನಲ್ಲಿ ಸ್ಟುಡಿಯೊ ಕಟ್ಟಿದ, ತೆಲುಗು ಮನೆತನದ ಒಬ್ಬ ಉದ್ಯಮಿಗೆ ಕನ್ನಡವೂ ಲೆಕ್ಕಕ್ಕೆ ಬಂತು. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ಬರುತ್ತಿದ್ದ ಕಾಲ ಅದು. ಮುಂದೆ ಅವರೇ ಬೆಂಗಳೂರಿಗೆ ಬಂದು ಚಾಮುಂಡೇಶ್ವರಿ ಸ್ಟುಡಿಯೊ ಕಟ್ಟಿದರು. ಆದರೆ ಸಿನೆಮಾ ಬೆಂಗಳೂರಿಗೆ ಹೋದ ಹಾಗೆ ಅದನ್ನು ನೋಡುವ ಜನ ಹೋಗುವುದಕ್ಕೆ ಸಾಧ್ಯವೇ? ಮಗ್ಗ, ತೋಟ, ಬಾವಿ ಬಿಟ್ಟು ಅವರು ಎಲ್ಲಿಗೆ ಹೋಗಬೇಕು?

ತಿರುಪ್ಪೂರಿನ ಕವಿ, ಭಟ್ಕಳದ ನಾಯಕಿ

ಕನ್ನಡ ಚಿತ್ರ ವರ್ಷಕ್ಕೊಮ್ಮೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಎಂಬಂತಿದ್ದ ದಿನಗಳಲ್ಲಿ ಆ ಮನೆಗಳವರು ತಮಿಳು ಚಿತ್ರಗಳಲ್ಲಿಯೇ ಕನ್ನಡವನ್ನು ಹುಡುಕುತ್ತಿದ್ದರು. ಹುಡುಕಿದರೆ ಸಿಗುತ್ತಲೂ ಇತ್ತು. 1952ರ 'ಪರಾಶಕ್ತಿ'ಯನ್ನೇ ತೆಗೆದುಕೊಳ್ಳಿ. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ಅದೆಂದು ಲೋಕಕ್ಕೆಲ್ಲ ಗೊತ್ತು. ಅದರ ನಾಯಕಿ ಪಂಢರಿಬಾಯಿ ನಮ್ಮ ಭಟ್ಕಳದವರು ಎಂಬುದು ಎಷ್ಟು ಜನರಿಗೆ ಗೊತ್ತು? ಆ ಚಿತ್ರದಲ್ಲಿ ಕಾಗೆಗಳ ಒಗ್ಗಟ್ಟನ್ನು ತೋರಿಸಿ ಮನುಷ್ಯರಿಗೆ ಬುದ್ಧಿ ಹೇಳುವ ಹಾಡೊಂದಿದೆ. ಅದನ್ನು ಬರೆದವರು ಉಡುಮಲೈ ನಾರಾಯಣ ಕವಿ. ಅವರ ಊರು ಉಡುಮಲೈ ಹತ್ತಿರದ ಪೂಳವಾಡಿ. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಆ ಸೀಮೆ ಅದಕ್ಕೆ ಸೇರಿತು. ಹೆಚ್ಚು ಓದಿದವರಿಗಾಗಿ ಬರೆದ ಕವಿಯಲ್ಲ ಅವರು. ಬೀದಿಯ ಮಾತನ್ನು ತೆಗೆದು ಹಾಡು ಕಟ್ಟಿದರು. ಆ ಹಾಡು ಎಳೆಯ ಮಕ್ಕಳಿಗೂ ಬಾಯಿಪಾಠ ಬರುತ್ತದೆ. ಭಾಷೆ ಕಲಿಸಲು ಅಂಥ ಹಾಡಿಗಿಂತ ಒಳ್ಳೆಯ ಪಾಠಪುಸ್ತಕ ಬೇಕೇ ಎಂದು ನಮಗೆ ಹಲವು ಸಲ ತೋರಿದ್ದುಂಟು.

ಪಂಢರಿಬಾಯಿಯವರು ಎರಡೇ ವರ್ಷದಲ್ಲಿ, 1954ರಲ್ಲಿ, 'ಬೇಡರ ಕಣ್ಣಪ್ಪ'ದ ನಾಯಕಿಯಾದರು. ಒಂದೇ ಮುಖ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಮಾತಾಡುವುದನ್ನು ಕಂಡಾಗ, ಎರಡು ಭಾಷೆ ಆಡುವ ಮನೆಯವರಿಗೆ ಆಗುವ ಸಮಾಧಾನ ಬೇರೆಯವರಿಗೆ ತಿಳಿಯಲಾರದು. 1958ರ 'ನಾಡೋಡಿ ಮನ್ನನ್' ಚಿತ್ರದಿಂದ ತಮಿಳಿನಲ್ಲಿ ಹೆಸರಾದ ಬಿ.ಸರೋಜಾದೇವಿಯವರ ಮಾತಿನಲ್ಲಿ ಕನ್ನಡದ ಧಾಟಿ ಕೊನೆಯವರೆಗೂ ಹೋಗಲಿಲ್ಲ. ತಮಿಳರು ಅದನ್ನು ಹಂಗಿಸಲಿಲ್ಲ. 'ಕನ್ನಡದ ಗಿಳಿ' ಎಂಬ ಅರ್ಥದ ಬಿರುದು ಕೊಟ್ಟು ಮೆಚ್ಚಿದರು. 2025ರ ಜುಲೈಯಲ್ಲಿ ಅವರು ತೀರಿಕೊಂಡಾಗ ನಮ್ಮ ಪರಿಚಯದ ಆ ಮನೆಯ ಹಿರಿಯ ತಾಯಿ ಫೋನಿನಲ್ಲಿ ಹೇಳಿದ ಮಾತು ನಮಗೆ ನೆನಪಿದೆ: "ನಮ್ಮ ಹಂಗೇ ತಮಿಳು ಮಾತಾಡೋಳು ಅವಳೊಬ್ಬಳೇ ಕಣಪ್ಪ ಇದ್ದದ್ದು." ಕನ್ನಡದ ಎಳೆತ ಬಂದರೆ ನಾಚಿಕೊಳ್ಳಬೇಕಾಗಿಲ್ಲ ಎಂದು ಒಂದು ತಲೆಮಾರಿನ ಹೆಂಗಸರಿಗೆ ಕಲಿಸಿಕೊಟ್ಟವರು ಸರೋಜಾದೇವಿ. ಅವರ ಯಾವ ಪಾತ್ರಕ್ಕಿಂತಲೂ ಇದು ದೊಡ್ಡದೆಂದು ನಾವು ಎಣಿಸುತ್ತೇವೆ.

ಸಿಂಗಾನಲ್ಲೂರು, ಗಾಜನೂರು

ಡಾ.ರಾಜಕುಮಾರ್ ಅವರ ವಿಷಯದಲ್ಲಿ ಕೊಯಮತ್ತೂರಿನವರಿಗೆ ಒಂದು ಹಕ್ಕು ಉಂಟು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಆ ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದು. ರಾಜಕುಮಾರ್ ಹುಟ್ಟಿದ ಗಾಜನೂರು ತಾಳವಾಡಿಯ ಬಳಿಯ ಹಳ್ಳಿ. ಅವರು ಹುಟ್ಟಿದ 1929ರಲ್ಲಿ ಈ ಎರಡೂ ಊರುಗಳು ಕೊಯಮತ್ತೂರು ಜಿಲ್ಲೆಯಲ್ಲಿದ್ದುವು! ಈಗ ಒಂದು ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿ, ಇನ್ನೊಂದು ತಮಿಳು ನಾಡಿನ ಈರೋಡು ಜಿಲ್ಲೆಯಲ್ಲಿ. ಕನ್ನಡದ ವರನಟ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಕೂಸು ಎಂದರೆ ನಮ್ಮ ವಿದ್ಯಾರ್ಥಿಗಳು ನಂಬುವುದಿಲ್ಲ. ನಕ್ಷೆ ಬಿಡಿಸಿ ತೋರಿಸಬೇಕಾಗುತ್ತದೆ. ಊರುಗಳು ಕದಲುವುದಿಲ್ಲ, ಗೆರೆಗಳು ಕದಲುತ್ತವೆ ಎಂಬುದನ್ನು ಕಾಸರಗೋಡಿನ ಮಗುವಿಗೆ ಅರ್ಥ ಮಾಡಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಸಿಗಲಿಕ್ಕಿಲ್ಲ.

ರಾಜಕುಮಾರ್ ಚಿತ್ರಗಳಲ್ಲಿ ಯಾವುದು ಉತ್ತಮ ಎಂಬುದು ಮುಗಿಯದ ಜಗಳ. ಕಾಸರಗೋಡಿನಲ್ಲಿ ಕೇಳಿದರೆ ನಮ್ಮ ಹಿರಿಯ ಅಧ್ಯಾಪಕರಲ್ಲಿ ಹೆಚ್ಚಿನವರು 1975ರ 'ಮಯೂರ' ಎನ್ನುತ್ತಾರೆ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ, ಕದಂಬರ ಕತೆ, ಗಂಭೀರವಾದ ಮಾತು. ತಲೆ ಎತ್ತಿ ನಿಲ್ಲಬೇಕೆಂಬ ಹಂಬಲವಿರುವ ಅಲ್ಪಸಂಖ್ಯಾತರಿಗೆ ಅದು ಹಿಡಿಸುವುದು ಸಹಜವೇ. ಆದರೆ ಕೊಯಮತ್ತೂರಿನ ಮನೆಯಲ್ಲಿ ಅದೇ ಚಿತ್ರ ನೋಡಿದಾಗ ನಮಗೆ ಬೇರೊಂದು ಯೋಚನೆ ಬಂತು. ಅಲ್ಲಿ ಎದುರಾಳಿಗಳು ಕಂಚಿಯ ಪಲ್ಲವರು. ಪಕ್ಕದಲ್ಲಿ ಕುಳಿತು ನಮ್ಮ ಜೊತೆಗೆ ಚಿತ್ರ ನೋಡುತ್ತಿದ್ದವರು ನೆರೆಮನೆಯ ತಮಿಳರು, ಆ ಮನೆಯ ಹೆರಿಗೆ ಬಾಣಂತನಕ್ಕೆ ಒದಗುವವರು. ಕಿರೀಟದ ಕನ್ನಡ ಕೇಳಲು ಇಂಪು, ಆದರೆ ನಾಳೆ ಬೆಳಿಗ್ಗೆ ಆಡಲು ಬಾರದು. ಮನೆಗನ್ನಡ ಮಾತ್ರ ಬಲ್ಲ ಮಕ್ಕಳಿಗೆ ಅದರ ಅರ್ಧ ಶಬ್ದಗಳು ತಿಳಿಯಲೂ ಇಲ್ಲ.

1972ರ 'ಬಂಗಾರದ ಮನುಷ್ಯ' ಹಾಗಲ್ಲ. ಟಿ.ಕೆ.ರಾಮರಾಯರ ಕಾದಂಬರಿಯಿಂದ ಸಿದ್ಧಲಿಂಗಯ್ಯನವರು ತೆಗೆದ ಈ ಚಿತ್ರದಲ್ಲಿ ನಾಯಕ ರಾಜೀವ ಹಳ್ಳಿಯಲ್ಲಿ ನಿಂತು ಬರಡು ನೆಲ ಹಸನು ಮಾಡುತ್ತಾನೆ, ಅಕ್ಕನ ಸಂಸಾರ ಹೊರುತ್ತಾನೆ, ಕೊನೆಗೆ ಎಲ್ಲ ಬಿಟ್ಟು ಹೊರಡುತ್ತಾನೆ. ಪಲ್ಲಡಂ, ಅವಿನಾಶಿಯ ಕಡೆಯ ಒಣಭೂಮಿಯಲ್ಲಿ ಆಳದ ಬಾವಿ ತೋಡಿ ಬೇಸಾಯ ಮಾಡಿದ ಒಕ್ಕಲು ಮನೆತನಗಳಿಗೆ ಇದು ಸಿನೆಮಾ ಎಂದು ಅನ್ನಿಸುವುದಿಲ್ಲ. ನೆಲ, ನೀರು, ಅಕ್ಕ, ಭಾವ, ಸಾಲ, ಬಿತ್ತನೆ: ಇಲ್ಲಿರುವುದು ಮನೆಯೊಳಗಿನ ಶಬ್ದಗಳು. ಅವಕ್ಕೆ ಒಂದಿಷ್ಟು ಹೊಳಪು ಕೊಟ್ಟು ತೆರೆಯ ಮೇಲೆ ಹಿಂತಿರುಗಿ ಕೊಟ್ಟಿದ್ದಾರೆ. ಕಂಪೆನಿ ನಾಟಕದಲ್ಲಿ ಪಳಗಿದ ನಟರಾದ್ದರಿಂದ ಮಾತು ಬಿಡಿಬಿಡಿಯಾಗಿ, ಕೊನೆಯ ಸ್ವರದವರೆಗೆ ಕೇಳಿಸುತ್ತದೆ. ತರಗತಿಯಲ್ಲಿ ನಾವು ಓದಿಸುವುದೂ ಹಾಗೆಯೇ ತಾನೇ? ಅಕ್ಷರ ಬಾರದ ಕಿವಿಗೆ ಉಚ್ಚಾರವೇ ಅಕ್ಷರ. 'ಮಯೂರ' ಅಭಿಮಾನ ಕೊಡುತ್ತದೆ, 'ಬಂಗಾರದ ಮನುಷ್ಯ' ಭಾಷೆ ಕೊಡುತ್ತದೆ. ಒಂದನ್ನೇ ಆರಿಸಬೇಕೆಂದರೆ ನಾವು ಎರಡನೆಯದನ್ನು ಆರಿಸುತ್ತೇವೆ.

2000ದ ಜುಲೈ 30ರಂದು ಗಾಜನೂರಿನಿಂದಲೇ ವೀರಪ್ಪನ್ ರಾಜಕುಮಾರ್ ಅವರನ್ನು ಅಪಹರಿಸಿದ. ಬಿಡುಗಡೆಯಾಗುವವರೆಗಿನ 108 ದಿನ ಎರಡೂ ರಾಜ್ಯಗಳ ಜನ ಉಸಿರು ಬಿಗಿಹಿಡಿದುಕೊಂಡಿದ್ದರು. ಆ ದಿನಗಳಲ್ಲಿ ತಮಿಳು ನಾಡಿನ ಕನ್ನಡ ಮನೆಗಳವರು, ಕರ್ನಾಟಕದ ತಮಿಳು ಮನೆಗಳವರು, ಇಬ್ಬರೂ ಬೀದಿಯಲ್ಲಿ ಮೆಲ್ಲಗೆ ಮಾತಾಡಿದರು. ತೆರೆಯ ಮೇಲಿನ ಮನುಷ್ಯನೊಬ್ಬ ಗಡಿಯ ಜನರ ಬಾಳಿನಲ್ಲಿ ಎಷ್ಟು ಒಳಗೆ ಹೊಕ್ಕಿರುತ್ತಾನೆ ಎಂಬುದು ಅಂಥ ಹೊತ್ತಿನಲ್ಲಿಯೇ ತಿಳಿಯುವುದು.

ಭಾನುವಾರದ ಪೆಟ್ಟಿಗೆ

ಟೆಲಿವಿಷನ್ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಮದರಾಸು ದೂರದರ್ಶನ 1975ರ ಆಗಸ್ಟ್ 15ರಂದು ಆರಂಭವಾಯಿತು. ಒಳನಾಡಿನ ಪೇಟೆಗಳಿಗೆ ಅದು ತಲುಪಿದ್ದು 1980ರ ದಶಕದಲ್ಲಿ. ಶುಕ್ರವಾರ ಸಂಜೆಯ 'ಒಲಿಯುಂ ಒಳಿಯುಂ' ಎಂಬ ಸಿನೆಮಾ ಹಾಡುಗಳ ಕಾರ್ಯಕ್ರಮಕ್ಕೆ ತಮಿಳು ನಾಡಿನ ಬೀದಿಗಳೇ ಬರಿದಾಗುತ್ತಿದ್ದುವು. ಇತ್ತ ಕಾಸರಗೋಡಿನಲ್ಲಿ ನಾವು ಚಿಕ್ಕವರಿದ್ದಾಗ ದೊಡ್ಡವರು ಮಾಡಿಗೆ ಹತ್ತಿ ಆಂಟೆನಾವನ್ನು ಮಂಗಳೂರಿನ ಕಡೆಗೆ ತಿರುಗಿಸುತ್ತಿದ್ದುದು, ಕೆಳಗಿನಿಂದ ನಾವು "ಬಂತು, ಬಂತು, ಹೋಯಿತು" ಎಂದು ಕೂಗುತ್ತಿದ್ದುದು ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಕೊಯಮತ್ತೂರಿನವರಿಗೆ ತಿರುಗಿಸಲು ಕನ್ನಡದ ದಿಕ್ಕೇ ಇರಲಿಲ್ಲ.

ಆಗ ಅವರ ಪಾಲಿಗೆ ಒದಗಿದ್ದು ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಭಾಷಾ ಚಿತ್ರ. ದೆಹಲಿಯಿಂದ ಇಡೀ ದೇಶಕ್ಕೆ ಪ್ರಶಸ್ತಿ ಪಡೆದ ಚಿತ್ರಗಳನ್ನು ಒಂದೊಂದು ವಾರ ಒಂದೊಂದು ಭಾಷೆಯದರಂತೆ ತೋರಿಸುತ್ತಿದ್ದರು. ಕನ್ನಡದ ಸರದಿ ಬರಲು ವಾರಗಟ್ಟಲೆ ಕಾಯಬೇಕು. ಬಂದರೆ, ಪೇಟೆಯ ಟಾಕೀಸಿನಲ್ಲಿ ಎಂದೂ ಕಾಣದ ಕನ್ನಡ. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ' ಈ ಮೂರೂ ಸ್ವರ್ಣ ಕಮಲ ಪಡೆದ ಚಿತ್ರಗಳು. ಇಂಥವನ್ನು 'ಆರ್ಟ್ ಫಿಲ್ಮು, ನಿದ್ದೆ ಬರುತ್ತದೆ' ಎಂದು ತಳ್ಳಿಹಾಕುವವರು ಅಂದೂ ಇದ್ದರು, ಇಂದೂ ಇದ್ದಾರೆ. ನಮ್ಮ ಅಭಿಪ್ರಾಯ ಹಾಗಲ್ಲ.

ಬಿ.ವಿ.ಕಾರಂತರು 1975ರಲ್ಲಿ ತೆಗೆದ 'ಚೋಮನ ದುಡಿ'ಯನ್ನೇ ನೋಡಿ. ಶಿವರಾಮ ಕಾರಂತರ ಕಾದಂಬರಿ ನಮ್ಮ ಕರಾವಳಿಯ ಮಣ್ಣಿನದು. ಚೋಮನಾಗಿ ಎಂ.ವಿ.ವಾಸುದೇವರಾಯರು ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಒಂದು ತುಂಡು ನೆಲವನ್ನು ತಾನೇ ಉಳಬೇಕು ಎಂಬುದು ಚೋಮನ ಒಂದೇ ಆಸೆ. ಜಾತಿಯೂ ಸಾಲವೂ ಅವನನ್ನು ಬಿಡುವುದಿಲ್ಲ. ಸಿಟ್ಟು ಬಂದಾಗ, ದುಃಖ ಬಂದಾಗ ಅವನು ದುಡಿ ಬಾರಿಸುತ್ತಾನೆ. ಕೊಯಮತ್ತೂರಿನಲ್ಲಿ ನಮ್ಮ ಜೊತೆಗೆ ಆ ಚಿತ್ರ ನೋಡಿದ ನೇಕಾರರೊಬ್ಬರು ಕೊನೆಯಲ್ಲಿ ಏನೂ ಮಾತಾಡದೆ ಎದ್ದು ಮಗ್ಗದ ಕುಣಿಗೆ ಇಳಿದರು. ನೂಲು ಕೊಟ್ಟ ಸಾಹುಕಾರನ ಮುಂಗಡ ತೀರುವವರೆಗೆ ನೇಯ್ದ ಸೀರೆ ತನ್ನದಲ್ಲ ಎಂಬುದನ್ನು ಬಲ್ಲವರಿಗೆ ಚೋಮನನ್ನು ಯಾರೂ ವಿವರಿಸಬೇಕಾಗಿಲ್ಲ. ಕತೆ ತಮ್ಮದೆನ್ನಿಸಿದಾಗ, ತಿಳಿಯದ ಶಬ್ದವನ್ನು ಕೇಳಿ ತಿಳಿಯುವ ಆಸೆ ತಾನಾಗಿ ಹುಟ್ಟುತ್ತದೆ. ಆ ರಾತ್ರಿ ನಮ್ಮ ಬಳಿ ಹತ್ತಾರು ಶಬ್ದಗಳ ಅರ್ಥ ಕೇಳಿದವರು ಅವರ ಮಗಳು, ಬನಿಯನ್ ಕಂಪೆನಿಯಲ್ಲಿ ದುಡಿಯಲು ದಿನವೂ ತಿರುಪ್ಪೂರಿಗೆ ಹೋಗಿ ಬರುವವರು.

'ಮಾಲ್ಗುಡಿ ಡೇಸ್' ಬಗ್ಗೆಯೂ ಒಂದು ಮಾತು ಹೇಳಬೇಕು. 1980ರ ದಶಕದ ನಡುವಿನಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ತೆಗೆದ ಧಾರಾವಾಹಿ ಇದು. ಬರೆದವರು ಮೈಸೂರಿನಲ್ಲಿ ನೆಲೆಸಿದ, ತಮಿಳು ಮನೆಮಾತಿನ ಆರ್.ಕೆ.ನಾರಾಯಣ್, ಇಂಗ್ಲಿಷಿನಲ್ಲಿ. ಚಿತ್ರಗಳನ್ನು ಬಿಡಿಸಿದವರು ಅವರ ತಮ್ಮ ಲಕ್ಷ್ಮಣ್. ಸಂಗೀತ ಎಲ್.ವೈದ್ಯನಾಥನ್ ಅವರದು. ಮಾತು ಹಿಂದಿ. ಸ್ವಾಮಿಯಾದ ಮಂಜುನಾಥ, ಅವನ ತಂದೆಯಾದ ಗಿರೀಶ ಕಾರ್ನಾಡರು, ಅನಂತ ನಾಗ್ ಎಲ್ಲರೂ ಕನ್ನಡದ ಮುಖಗಳು. ತೆರೆಯ ಮೇಲೆ ಬಂದ ಧಾರಾವಾಹಿಗಳಲ್ಲಿ ಇದಕ್ಕೆ ಸಾಟಿ ಇಲ್ಲವೆಂದೇ ನಮ್ಮ ಮತ. ಒಂದು ಪುಟ್ಟ ಊರು, ಒಬ್ಬ ಹುಡುಗ, ಒಂದು ಶಾಲೆ. ಇಷ್ಟರಲ್ಲಿಯೇ ಭಾರತ ಪೂರ್ತಿ ಕೂತು ನೋಡಿತು. ಒಂದು ಕೊರಗು ಮಾತ್ರ ಉಂಟು. ಆಗುಂಬೆಯ ಮಳೆಯಲ್ಲಿ ನೆನೆದ, ಕನ್ನಡ ಹುಡುಗ ಆಡಿದ ಕತೆಯನ್ನು ಕೊಯಮತ್ತೂರಿನ ಕನ್ನಡ ಮಗು ತನಗೆ ಬಾರದ ಹಿಂದಿಯಲ್ಲಿ ನೋಡಬೇಕಾಯಿತು.

1987ರ ಜನವರಿ 25ರಂದು ಆರಂಭವಾದ 'ರಾಮಾಯಣ'ಕ್ಕೂ ಅದೇ ಮಾತು ಸಲ್ಲುತ್ತದೆ. ಹಿಂದಿಯ ಒಂದು ಶಬ್ದ ತಿಳಿಯದ ಅಜ್ಜಿಯಂದಿರು ಟೆಲಿವಿಷನಿಗೆ ಹೂ ಮುಡಿಸಿ ನೋಡಿದರು. ಕತೆ ಮೊದಲೇ ಗೊತ್ತಿದ್ದುದರಿಂದ ನಡೆಯಿತು. ನಾಟಕೀಯತೆ ಅತಿಯಾಯಿತು, ಬಾಣಗಳು ಗಾಳಿಯಲ್ಲಿ ಮುತ್ತಿಡುವುದು ಈಗ ನಗು ತರಿಸುತ್ತದೆ ಎಂದು ಹೇಳುವವರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಲಾಭವಿತ್ತು. ತೆರೆಯ ಮೇಲಿನ ಮಾತು ತಿಳಿಯದ ಮೊಮ್ಮಕ್ಕಳಿಗೆ ಅಜ್ಜಿ ಪಕ್ಕದಲ್ಲಿ ಕೂತು ಕತೆ ಹೇಳಿದಳು, ಮನೆಗನ್ನಡದಲ್ಲಿ! ದೂರದರ್ಶನದವರು ಎಣಿಸದೆಯೇ ನಡೆದ ಕನ್ನಡ ಪಾಠ ಅದು.

ಡಬ್ಬಿಂಗ್ ಎಂಬ ವಿವಾದ

ಇಲ್ಲಿ ನಾವು ಒಂದು ವಿವಾದದ ವಿಷಯಕ್ಕೆ ಕೈ ಹಾಕುತ್ತಿದ್ದೇವೆ. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡ ಮಾತು ಜೋಡಿಸಿ ತೋರಿಸಬಾರದು ಎಂದು 1960ರ ದಶಕದಲ್ಲಿ ಅ.ನ.ಕೃಷ್ಣರಾಯರು, ಮ.ರಾಮಮೂರ್ತಿಯವರು ಮೊದಲಾದವರು ಹೋರಾಡಿದರು. ಆಗಿನ ಸ್ಥಿತಿಯಲ್ಲಿ ಅದು ಸರಿಯೇ. ಕನ್ನಡ ಚಿತ್ರಕ್ಕೆ ಕನ್ನಡ ನಾಡಿನಲ್ಲಿಯೇ ಟಾಕೀಸು ಸಿಗದ ಕಾಲ ಅದು. ಆ ಕಟ್ಟುಪಾಡು ಅರ್ಧ ಶತಮಾನ ನಡೆಯಿತು. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಅದು ಸಡಿಲವಾಯಿತು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಕನ್ನಡದ ಮಾತು ಜೋಡಿಸಿದ 'ಮಹಾಭಾರತ' ಮನೆಮನೆಗೂ ಬಂತು.

ಚರಿತ್ರೆಯ ವಿನೋದ ನೋಡಿ: ಭಾರತದಲ್ಲಿ ಮೊತ್ತಮೊದಲು ಡಬ್ ಆದದ್ದು ಕನ್ನಡ ಚಿತ್ರವೇ! ಆರ್.ನಾಗೇಂದ್ರರಾಯರು ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಹರಿಶ್ಚಂದ್ರನಾದ 1943ರ ಚಿತ್ರಕ್ಕೆ ಎ.ವಿ.ಮೆಯ್ಯಪ್ಪನ್ ಅವರು ತಮಿಳು ಮಾತು ಜೋಡಿಸಿ 1944ರಲ್ಲಿ ತಮಿಳು ನಾಡಿನಲ್ಲಿ ತೋರಿಸಿದರು. ಕನ್ನಡದ ಹರಿಶ್ಚಂದ್ರ ತಮಿಳಾಡಿದಾಗ ತಮಿಳು ಕೆಡಲಿಲ್ಲ.

ಬೆಂಗಳೂರಿನ ಕಲಾವಿದರ, ತಂತ್ರಜ್ಞರ ಹೊಟ್ಟೆಪಾಡಿನ ಪ್ರಶ್ನೆ ಇದರಲ್ಲಿದೆ ಎಂಬುದನ್ನು ನಾವು ಬಲ್ಲೆವು. ಆದರೆ ಗಡಿಯಾಚೆಯ ಮನೆಯಲ್ಲಿ ಕೂತು ನೋಡಿದಾಗ ಲೆಕ್ಕ ಬೇರೆಯೇ ಆಗುತ್ತದೆ. ಅದೇ ಮಹಾಭಾರತವನ್ನು ಕೊಯಮತ್ತೂರಿನ ಕನ್ನಡ ಮಗು ಅದಕ್ಕೆ ಮುಂಚೆಯೇ, 2013ರಿಂದ, ತಮಿಳಿನಲ್ಲಿ ನೋಡಿತ್ತು. ಕನ್ನಡದಲ್ಲಿ ಇಲ್ಲವಾದರೆ ಅದು ಕನ್ನಡದ ಬೇರೊಂದು ಚಿತ್ರ ನೋಡುತ್ತದೆ ಎಂದಲ್ಲ, ತಮಿಳಿನಲ್ಲಿ ನೋಡುತ್ತದೆ. ಕಾಸರಗೋಡಿನ ಮಗು ಮಲಯಾಳದಲ್ಲಿ ನೋಡುತ್ತದೆ. ಕೃಷ್ಣನೂ ಭೀಮನೂ ಯಾವ ಭಾಷೆಯಲ್ಲಿ ಮಾತಾಡಿದರೋ ಅದೇ ಭಾಷೆಯಲ್ಲಿ ಮಗು ಆಟ ಆಡುತ್ತದೆ, ಕನಸು ಕಾಣುತ್ತದೆ. ಆದುದರಿಂದ ಮಕ್ಕಳ ಕಾರ್ಯಕ್ರಮ, ಪುರಾಣ, ಪ್ರಾಣಿಲೋಕದ ಚಿತ್ರ ಇಂಥವು ಒಳ್ಳೆಯ ಕನ್ನಡದಲ್ಲಿ ಡಬ್ ಆಗಿ ಬರಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಒಪ್ಪದವರು ಇದೇ ಪತ್ರಿಕೆಗೆ ಬರೆಯಬಹುದು.

ಕನ್ನಡ ವಾಹಿನಿಗಳು ಬಂದಿಲ್ಲವೇ ಎಂದು ಕೇಳಬಹುದು. ಬಂದಿವೆ. ಮದರಾಸಿನ ಸನ್ ಸಂಸ್ಥೆಯವರೇ 1994ರಲ್ಲಿ ಉದಯ ಟಿ.ವಿ. ಆರಂಭಿಸಿದರು. ಕೇಬಲ್ ಮೂಲಕ ಕನ್ನಡ ಆ ಮನೆಗಳಿಗೆ ದಿನವೂ ಬಂದದ್ದು ಅಂದಿನಿಂದ. ಹಳೆಯ ಚಿತ್ರಗಳನ್ನು ಮಧ್ಯಾಹ್ನದ ಹೊತ್ತು ಮತ್ತೆ ಮತ್ತೆ ಹಾಕಿದ್ದು ದೊಡ್ಡ ಉಪಕಾರವೇ. ಆದರೆ ಇಂದಿನ ಸಂಜೆಯ ಧಾರಾವಾಹಿಗಳ ಕನ್ನಡ ಕೇಳಿದರೆ ಅಧ್ಯಾಪಕರಾದ ನಮಗೆ ಸಂಕಟವಾಗುತ್ತದೆ. ಒಂದು ವಾಕ್ಯದಲ್ಲಿ ಮೂರು ಇಂಗ್ಲಿಷ್ ಶಬ್ದ, ನಡುವೆ ಮಿಂಚು ಗುಡುಗಿನ ಸದ್ದು, ಅತ್ತೆಯ ಮುಖ ಮೂರು ಸಲ. ಬೆಂಗಳೂರಿನ ಮಗುವಿಗೆ ಇದು ಹಲವು ಕನ್ನಡಗಳಲ್ಲಿ ಒಂದು. ಕೊಯಮತ್ತೂರಿನ ಮಗುವಿಗೆ ಮನೆಯ ಹೊರಗಿನ ಕನ್ನಡವೆಂದರೆ ಅದೊಂದೇ. ಅನ್ನ ಒಂದೇ ಹೊತ್ತು ಸಿಗುವವನಿಗೆ ಆ ಒಂದು ಹೊತ್ತಿನ ಅನ್ನ ಚೆನ್ನಾಗಿರಬೇಡವೇ?

ನಾವು ಮಾಡಬಹುದಾದದ್ದು

ತಮಿಳು ನಾಡಿನಲ್ಲಿ 2006ರ ಕಾಯಿದೆ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿತು. ಕೇರಳದಲ್ಲಿ 2017ರ ಕಾಯಿದೆ ಮಲಯಾಳವನ್ನು. ನಾಡಿನ ಭಾಷೆ ಕಲಿಯುವುದು ಬೇಡವೆಂದು ನಾವಾಗಲಿ ಅವರಾಗಲಿ ಹೇಳುತ್ತಿಲ್ಲ. ಅದು ಅನ್ನದ ಭಾಷೆ, ನೆರೆಹೊರೆಯ ಭಾಷೆ. ಮನೆಯ ಭಾಷೆಗೆ ದಿನದಲ್ಲಿ ಒಂದಿಷ್ಟು ಜಾಗ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ ಎಂದಷ್ಟೇ ನಮ್ಮ ಮಾತು.

ಕಳೆದ ಬೇಸಗೆ ರಜೆಯಲ್ಲಿ ಆ ಮನೆಯ ಮಕ್ಕಳೊಡನೆ ನಾವೊಂದು ಪ್ರಯೋಗ ಮಾಡಿದೆವು. ಹಳೆಯ ಕನ್ನಡ ಚಿತ್ರಗಳ ಆರಂಭದಲ್ಲಿ ಹೆಸರುಗಳು ದಪ್ಪ ಅಕ್ಷರಗಳಲ್ಲಿ ಒಂದೊಂದಾಗಿ ಬರುತ್ತವೆಯಷ್ಟೆ. ಹೆಚ್ಚಿನವರು ಆ ಹೊತ್ತಿಗೆ ನೀರು ಕುಡಿಯಲು ಏಳುತ್ತಾರೆ. ನಾವು ಅಲ್ಲಿಯೇ ಚಿತ್ರ ನಿಲ್ಲಿಸಿ, ಅಕ್ಷರ ಗುರುತಿಸಲು ಹೇಳಿದೆವು. 'ರಾಜಕುಮಾರ್' ಎಂಬುದನ್ನು ಮುಖ ನೋಡಿಯೇ ಊಹಿಸಿದರು. ಅದರಿಂದ ರ, ಜ, ಕ, ಮ ಸಿಕ್ಕಿತು. ಆ ಅಕ್ಷರಗಳನ್ನು ಹಿಡಿದು ಮುಂದಿನ ಹೆಸರು, ಮತ್ತೆ ಮುಂದಿನದು. ಹತ್ತು ದಿನಕ್ಕೆ ಹತ್ತು ಚಿತ್ರದ ಹೆಸರುಪಟ್ಟಿ ಮುಗಿಯಿತು. ಏಳನೇ ತರಗತಿಯ ಹುಡುಗ 'ಸಂಗೀತ', 'ಸಂಭಾಷಣೆ' ಸಲೀಸಾಗಿ ಓದಿದ, 'ಛಾಯಾಗ್ರಹಣ'ದಲ್ಲಿ ಮುಗ್ಗರಿಸಿದ. ನಮ್ಮ ಶಾಲೆಯ ಏಳನೇ ತರಗತಿಯಲ್ಲಿಯೂ ಅಲ್ಲಿಯೇ ಮುಗ್ಗರಿಸುವವರು ಇದ್ದಾರೆ. ಅದೇನೂ ದೊಡ್ಡ ಸಂಗತಿಯಲ್ಲ.

ಹೊರಡುವ ದಿನ ಆ ಹುಡುಗ ತನ್ನ ಹೆಸರನ್ನು ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಅಜ್ಜಿಗೆ ಕೊಟ್ಟ. ಅಜ್ಜಿಗೆ ಓದಲು ಬಾರದು. ಅವನೇ ಓದಿ ಹೇಳಿದ. ನಮ್ಮ ಓದುಗರಲ್ಲಿ ಕೊಯಮತ್ತೂರು, ತಿರುಪ್ಪೂರಿನ ಕಡೆ ನಂಟಸ್ತಿಕೆ ಇರುವವರು, ಕೆಲಸಕ್ಕೆಂದು ಹೋಗಿ ನೆಲೆಸಿದವರು ಎಷ್ಟೋ ಮಂದಿ ಇದ್ದಾರೆ. ಮುಂದಿನ ರಜೆಯಲ್ಲಿ ಅಲ್ಲಿಗೆ ಹೋಗುವಾಗ ಹಲಸಿನ ಹಪ್ಪಳದ ಕಟ್ಟಿನ ಜೊತೆಗೆ ಒಂದನೇ ತರಗತಿಯ ಕನ್ನಡ ಪಾಠಪುಸ್ತಕವನ್ನೂ ಒಂದು ಒಯ್ಯಿರಿ. ಸಂಜೆ ಎಲ್ಲರೂ ಕೂತು ಒಂದು ಹಳೆಯ ಚಿತ್ರ ಹಾಕಿ. ಹೆಸರುಗಳು ಬರುವಾಗ ಮಾತ್ರ ಯಾರೂ ಏಳಬೇಡಿ.